ಮೊದಲು ಸಂಪಿಗೆ, ಆಮೇಲೆ ಬಾವಿಗೆ: ಮೂವತ್ತು-ನಲವತ್ತರ ಸೈಟಿನ ನೀರಿನ ಲೆಕ್ಕ

ಬೆಂಗಳೂರಿನಲ್ಲಿ ಮಳೆಕೊಯ್ಲು ಇರುವ ಮನೆಗಳಿಗೇನೂ ಕೊರತೆಯಿಲ್ಲ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಆಯಿತು. ಹಳೆಯ ಕಟ್ಟಡವಾದರೆ 40-60 ಅಡಿಯ ಸೈಟು, ಹೊಸದಾದರೆ 30-40 ಅಡಿಯ ಸೈಟು, ಅಷ್ಟು ಅಥವಾ ಅದಕ್ಕಿಂತ ದೊಡ್ಡದು ಇದ್ದವರೆಲ್ಲ ಮಾಡಿಸಲೇಬೇಕು ಎಂದಾಯಿತು. ಮಾಡಿಸದಿದ್ದರೆ ಬಿಲ್ಲಿನ ಮೇಲೆ ದಂಡ. ಹಾಗಾಗಿ ಗೇಟಿನ ಪಕ್ಕ ನೀರು ಸೋಸಲು ಒಂದು ನೀಲಿ ಡ್ರಮ್ಮು, ಅದರೊಳಗೆ ಒಂದಿಷ್ಟು ಜಲ್ಲಿ, ಮರಳು, ಕೆಳಗೆ ಕಲ್ಲು ತುಂಬಿದ ಗುಂಡಿ, ಫೋಟೋಗೆ ಅಷ್ಟು ಸಾಕು. ಜೋರು ಮಳೆ ಬಂದಾಗ ಆ ಡ್ರಮ್ಮನ್ನು ಹತ್ತು ನಿಮಿಷ ಗಮನಿಸಿದರೆ ತಿಳಿಯುತ್ತದೆ: ತಾರಸಿಯ ನೀರೆಲ್ಲ ಮೇಲಿನಿಂದ ಉಕ್ಕಿ ಮೋರಿ ಸೇರುತ್ತಿರುತ್ತದೆ.

ನನ್ನ ವಾದ ಇಷ್ಟೇ. ತಾರಸಿ ನೀರು ಮೊದಲು ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ ಬರಬೇಕು, ಸಂಪು ತುಂಬಿ ಹೆಚ್ಚಾದದ್ದು ಇಂಗುಬಾವಿಗೆ ಹೋಗಬೇಕು. ಇದಕ್ಕೆಲ್ಲ ಕೈಹಾಕುವ ಮೊದಲು ಮನೆಯೊಳಗಿನ ಸೋರಿಕೆ ನಿಲ್ಲಬೇಕು. ಸೋರುವ ಮನೆಗೆ ಮಳೆಕೊಯ್ಲು ಮಾಡಿಸಿದರೆ ಮಳೆನೀರೂ ಸೋರುತ್ತದೆ, ಅಷ್ಟೇ ವ್ಯತ್ಯಾಸ.

ಲೆಕ್ಕದಿಂದ ಶುರು ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30-40ರ ಸೈಟಿನ ಮನೆಗೆ ತಾರಸಿ ಸುಮಾರು 1,000 ಚದರ ಅಡಿ, ಅಂದರೆ 93 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಗುಣಿಸಿದರೆ 90,000 ಲೀಟರ್. ಆವಿಯಾಗುವುದು, ತಾರಸಿ ಹೀರಿಕೊಳ್ಳುವುದು, ಮೊದಲ ಕೊಳೆನೀರು ಹೊರಗೆ ಬಿಡುವುದು ಎಂದು ನೂರಕ್ಕೆ 15 ಕಳೆದರೂ 76,000 ಲೀಟರ್ ಉಳಿಯುತ್ತದೆ. ನಗರಗಳಿಗೆ ಸರ್ಕಾರಿ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ನಾಲ್ಕು ಜನರ ಮನೆಗೆ 540 ಲೀಟರ್ ಆಯಿತು. ತಾರಸಿ ನೀರೇ 140 ದಿನಕ್ಕೆ ಸಾಕು.

ಕಾಗದದ ಮೇಲೆ ಮಾತ್ರ. ಯಾಕೆಂದರೆ ಮಳೆ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್ ತಿಂಗಳೊಂದರಲ್ಲೇ ಸುಮಾರು 200 ಮಿ.ಮೀ. ಬೀಳುತ್ತದೆ. 93 ಚದರ ಮೀಟರಿಗೆ, ನೂರಕ್ಕೆ 15 ಕಳೆದು, ಅದು 15,800 ಲೀಟರ್, ಹೆಚ್ಚುಕಡಿಮೆ ಆ ತಿಂಗಳ ಪೂರ್ತಿ ಖರ್ಚಿನಷ್ಟು. ಜನವರಿ, ಫೆಬ್ರವರಿಯಲ್ಲಿ ಸೊನ್ನೆ ಅಂದುಕೊಳ್ಳಿ. ಆದ್ದರಿಂದ ಮಳೆನೀರನ್ನು ಬೇಸಿಗೆಗೆ ಕೂಡಿಡುವ ಕನಸು 30-40ರ ಸೈಟಿಗೆ ಆಗಿಬರುವುದಿಲ್ಲ. ಅಷ್ಟು ದೊಡ್ಡ ತೊಟ್ಟಿಗೆ ಜಾಗವಿಲ್ಲ. ಮಳೆ ಬರುವ ತಿಂಗಳುಗಳಲ್ಲಿ ಮಳೆನೀರನ್ನೇ ಬಳಸಿ ಕಾವೇರಿ, ಬೋರ್‌ವೆಲ್ ಎರಡಕ್ಕೂ ರಜೆ ಕೊಡುವುದು, ಮಿಕ್ಕದ್ದನ್ನು ಭೂಮಿಗೆ ಕಳಿಸುವುದು, ಇದು ಆಗುವ ಕೆಲಸ.

ಮೊದಲು ಸೋರಿಕೆ

ರಾತ್ರಿ ಮಲಗುವ ಮುಂಚೆ ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ಸಂಪಿನ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕಡ್ಡಿ ಇಳಿಸಿ ಗುರುತು ಹಾಕಿದರೂ ಆದೀತು. ಬೆಳಿಗ್ಗೆ ನೋಡಿ. 6 ಅಡಿ ಉದ್ದ, 6 ಅಡಿ ಅಗಲದ ಸಂಪಿನಲ್ಲಿ ಒಂದು ಇಂಚು ಇಳಿದಿದ್ದರೆ 85 ಲೀಟರ್ ಹೋಗಿದೆ ಎಂದು ಅರ್ಥ. ಸಂಪು ಸಾಮಾನ್ಯವಾಗಿ ಸೋರುವುದು ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ, ಇಲ್ಲವೆಂದರೆ ಪೈಪು ಗೋಡೆಯೊಳಗೆ ತೂರುವ ಜಾಗದಲ್ಲಿ. ನೀರು ಇಳಿದು ಇಳಿದು ಒಂದು ಮಟ್ಟಕ್ಕೆ ಬಂದು ನಿಂತರೆ ಬಿರುಕು ಇರುವುದು ಸರಿಯಾಗಿ ಆ ಮಟ್ಟದಲ್ಲೇ. ಅಷ್ಟು ತಿಳಿದುಕೊಂಡು ಮೇಸ್ತ್ರಿಯನ್ನು ಕರೆದರೆ ಇಡೀ ಸಂಪಿಗೆ ಹೊಸ ಗಾರೆ ಮಾಡಿಸುವ ಖರ್ಚು ತಪ್ಪುತ್ತದೆ.

ಆಮೇಲೆ ಫ್ಲಶ್ ಟ್ಯಾಂಕು. ಮನೆಯಲ್ಲಿ ಸದ್ದಿಲ್ಲದೆ ಅತಿ ಹೆಚ್ಚು ನೀರು ಕಳೆಯುವುದು ಇದು. ಟ್ಯಾಂಕಿನ ಮುಚ್ಚಳ ತೆಗೆದು ಅಡುಗೆಗೆ ಹಾಕುವ ಬಣ್ಣವನ್ನು ನಾಲ್ಕು ಹನಿ ಬಿಡಿ. ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡಿನೊಳಗೆ ಬಣ್ಣ ಕಂಡರೆ ಕೆಳಗಿನ ರಬ್ಬರ್ ವಾಷರ್ ಹೋಗಿದೆ, ಇಲ್ಲವೆ ಅದರ ಕೆಳಗೆ ಸುಣ್ಣದ ಗಸಿ ಕಟ್ಟಿಕೊಂಡಿದೆ. (ಅರಿಶಿನ ಹಾಕಬೇಡಿ, ಕಲೆ ಹೋಗುವುದಿಲ್ಲ.) ಕಣ್ಣಿಗೆ ಕಾಣದಷ್ಟು ಸಣ್ಣಗೆ, ನಿಮಿಷಕ್ಕೆ 100 ಮಿ.ಲೀ. ಸೋರಿದರೂ ದಿನಕ್ಕೆ 144 ಲೀಟರ್. ಮನೆಯಲ್ಲಿ ಲೆಕ್ಕಕ್ಕೆ ಸಿಗದ ಐದನೆಯವರೊಬ್ಬರು ಇದ್ದ ಹಾಗೆ. ಬೋರ್‌ವೆಲ್ ನೀರಿನ ಮನೆಯಾದರೆ ಹೊಸ ವಾಷರ್ ತರುವ ಮೊದಲು ಹಳೆಯದನ್ನು ಬಿಚ್ಚಿ, ಅದು ಕೂರುವ ಅಂಚನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಉಜ್ಜಿ ನೋಡಿ. ಅನೇಕ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಹಳೆಯ ಟ್ಯಾಂಕುಗಳು ಒಂದು ಸಲಕ್ಕೆ 10 ಲೀಟರ್ ಅಥವಾ ಅದಕ್ಕೂ ಹೆಚ್ಚು ಸುರಿಯುತ್ತವೆ. ಬದಲಾಯಿಸುವುದಾದರೆ 3/6 ಲೀಟರಿನ ಎರಡು ಗುಂಡಿಯದು ಸರಿ. ಈಗಲೇ ಬದಲಾಯಿಸುವಂತಿಲ್ಲ ಅಂದರೆ ಒಂದು ಲೀಟರಿನ ಬಾಟಲಿಗೆ ಮರಳು ತುಂಬಿ, ಬಿರಡೆ ಬಿಗಿ ಮಾಡಿ, ಫ್ಲೋಟಿಗೆ ತಾಗದಂತೆ ಟ್ಯಾಂಕಿನೊಳಗೆ ನಿಲ್ಲಿಸಿ. ದಿನಕ್ಕೆ ಇಪ್ಪತ್ತು ಸಲ ಫ್ಲಶ್ ಆಗುವ ಮನೆಗೆ 20 ಲೀಟರ್ ಉಳಿತಾಯ. ಇಟ್ಟಿಗೆ ಇಡಬೇಡಿ, ಅದು ಕರಗಿ ಪುಡಿ ವಾಷರ್ ಕೆಳಗೆ ಸೇರುತ್ತದೆ. ಎರಡು ಬಾಟಲಿ ಇಡುವ ಆಸೆಯೂ ಬೇಡ, ಒಂದು ಸಲಕ್ಕೆ ಹೋಗದೆ ಎರಡು ಸಲ ಒತ್ತಬೇಕಾಗುತ್ತದೆ.

ನಲ್ಲಿಯ ಏರೇಟರ್, ಅಂದರೆ ಹರಿವು ತಗ್ಗಿಸಲು ಬಾಯಿಗೆ ಹಾಕುವ ಸಣ್ಣ ಜಾಲರಿಯ ಬಗ್ಗೆ 2024ರ ಮಾರ್ಚ್‌ನಲ್ಲಿ ಊರೆಲ್ಲ ಮಾತಾಡಿತು. ಆಗ ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದ್ದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಏರೇಟರ್ ಒಳ್ಳೆಯದೇ, ಆದರೆ ಎಲ್ಲ ನಲ್ಲಿಗೂ ಹಾಕುವುದು ವ್ಯರ್ಥ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಒಂದು ಹನಿಯೂ ಉಳಿಯುವುದಿಲ್ಲ, ಬಕೆಟ್ ತುಂಬಲು ಹೊತ್ತು ಹಿಡಿಯುತ್ತದೆ ಅಷ್ಟೇ. ತೆರೆದುಕೊಂಡೇ ಕೆಲಸ ಮಾಡುವ ಕಡೆ, ಅಂದರೆ ವಾಷ್ ಬೇಸಿನ್ ಮತ್ತು ಅಡುಗೆಮನೆ ಸಿಂಕಿಗೆ ಮಾತ್ರ ಹಾಕಿ. ಮೊದಲು ನಲ್ಲಿಯನ್ನು ಪೂರ್ತಿ ತಿರುಗಿಸಿ ಹತ್ತು ಸೆಕೆಂಡು ಜಗ್ಗಿನಲ್ಲಿ ಹಿಡಿಯಿರಿ, ಬಂದದ್ದನ್ನು ಆರರಿಂದ ಗುಣಿಸಿ. ನಿಮಿಷಕ್ಕೆ 10 ಲೀಟರ್ ದಾಟಿದರೆ ಏರೇಟರ್ ಸಾರ್ಥಕ. ಬೇಸಿನ್ನಿಗೆ ನಿಮಿಷಕ್ಕೆ 3, ಸಿಂಕಿಗೆ 5-6 ಲೀಟರಿನದು ಸಾಕು. ಮೇಲಿನ ಅಂತಸ್ತಿನ ನಲ್ಲಿಗೆ ಟ್ಯಾಂಕಿನಿಂದ ಐದಾರು ಅಡಿ ಎತ್ತರವಷ್ಟೇ ಸಿಗುವುದರಿಂದ ಅಲ್ಲಿ ಒತ್ತಡವೇ ಇರುವುದಿಲ್ಲ. ಅಂಥ ಕಡೆ ಹಾಕಿದರೆ ನೂಲಿನಂತೆ ಬರುತ್ತದೆ, ಗ್ಯಾಸ್ ಗೀಸರ್ ಇರುವ ನಲ್ಲಿಯಾದರೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಗಡಸು ನೀರಿನ ಮನೆಯಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಉಪ್ಪಿನಲ್ಲಿ ನೆನೆಹಾಕದಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಆಮೇಲೆ ಯಾರೋ ಅದನ್ನು ಕಿತ್ತು ಕಿಟಕಿ ಮೇಲೆ ಇಡುತ್ತಾರೆ. ಬಹುಪಾಲು ಏರೇಟರ್‌ಗಳ ಕಥೆ ಮುಗಿಯುವುದು ಹೀಗೆ.

ಸೋಲಾರ್ ನೀರಿಗಾಗಿ ಬೆಳಿಗ್ಗೆ ತಣ್ಣೀರು ಬಿಡುವುದನ್ನೂ ಅಳೆಯಿರಿ. ಮುಕ್ಕಾಲು ಇಂಚಿನ ಪೈಪು 15 ಮೀಟರ್ ಇದ್ದರೆ ಅದರೊಳಗೆ ಸುಮಾರು 4 ಲೀಟರ್ ತಣ್ಣೀರು ಇರುತ್ತದೆ. ಪೈಪೂ ಬಿಸಿಯಾಗಬೇಕಾದ್ದರಿಂದ ನಿಜವಾಗಿ ಹೋಗುವುದು ಇನ್ನೂ ಹೆಚ್ಚು. ಒಂದು ಬಕೆಟ್ಟು ಇಡಿ, ಸಾಕು. ತಾರಸಿಯಲ್ಲಿ ಹಾದುಹೋಗುವ ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ.

ಆರ್‌.ಒ. ವಿಚಾರ ಎರಡೇ ಮಾತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಲವಣಾಂಶ) ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಒಪ್ಪುವ ಮಟ್ಟ. ಕಾವೇರಿ ನೀರು ಬರುವ ಮನೆಗೆ ಅದು ಬೇಕಾಗಿಯೇ ಇಲ್ಲ, ಸಾದಾ ಫಿಲ್ಟರ್ ಮತ್ತು ಯು.ವಿ. ಸಾಕು. ಬೋರ್‌ವೆಲ್ ನೀರಿಗೆ ಅನಿವಾರ್ಯವಾಗಿ ಹಾಕಿದ್ದರೆ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಅದು ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ. ಗಿಡಕ್ಕೆ ದಿನಾ ಹಾಕಿದರೆ ಕುಂಡದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿ ಎಲೆ ತುದಿ ಸುಡುತ್ತದೆ.

ತಾರಸಿಯಿಂದ ಸಂಪಿಗೆ

ಪೈಪು ಕೊಳ್ಳುವ ಮೊದಲು ಈಗಿರುವ ಮಳೆನೀರಿನ ಪೈಪು ಎಲ್ಲಿಗೆ ಹೋಗಿದೆ ನೋಡಬೇಕು. ತಾರಸಿಯ ರಂಧ್ರಕ್ಕೆ ಒಂದು ಬಕೆಟ್ ಬಣ್ಣದ ನೀರು ಸುರಿದು ಕೆಳಗಿನ ಚೇಂಬರ್‌ಗಳನ್ನೆಲ್ಲ ತೆಗೆದು ನೋಡಿ. ಎರಡು ತಪ್ಪು ಪದೇ ಪದೇ ಸಿಗುತ್ತವೆ. ಒಂದು, ಕಟ್ಟಿದವರು ಮಳೆ ಪೈಪನ್ನು ಒಳಚರಂಡಿಗೇ ಸೇರಿಸಿರುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು: ಬಾಲ್ಕನಿ ಅಥವಾ ಬಟ್ಟೆ ಒಗೆಯುವ ಜಾಗದ ನೀರು ಅದೇ ಮಳೆ ಪೈಪಿಗೆ ಬಿಟ್ಟಿರುತ್ತದೆ. ಇದನ್ನು ನೋಡದೆ ಪೈಪನ್ನು ಸಂಪಿಗೆ ತಿರುಗಿಸಿದರೆ ವಾಷಿಂಗ್ ಮೆಷಿನ್ನಿನ ನೊರೆ ಸಂಪಿನಲ್ಲಿ ತೇಲುತ್ತದೆ.

ಸಾವಿರ ಚದರ ಅಡಿ ತಾರಸಿಗೆ 4 ಇಂಚಿನ, ಅಂದರೆ 110 ಮಿ.ಮೀ. ಪಿ.ವಿ.ಸಿ. ಪೈಪು ಒಂದಾದರೂ ಬೇಕು. ಎರಡು ಇಳಿಜಾರಿದ್ದರೆ ಎರಡು ಪೈಪು. ರಂಧ್ರದ ಬಾಯಿಗೆ ಚಪ್ಪಟೆ ಜಾಲರಿಯ ಬದಲು ಗುಮ್ಮಟದಂತೆ ಎದ್ದಿರುವ ಜಾಲರಿ ಹಾಕಿ. ಚಪ್ಪಟೆ ಜಾಲರಿಯ ಮೇಲೆ ನಾಲ್ಕು ಎಲೆ ಬಿದ್ದರೆ ತಾರಸಿಯೇ ಕೆರೆ. ಅಡ್ಡ ಹೋಗುವ ಪೈಪಿಗೆ ಹತ್ತು ಅಡಿಗೆ ಒಂದೂಕಾಲು ಇಂಚಿನಂತೆ ಇಳಿಜಾರು ಕೊಡಿ, ಐದಾರು ಅಡಿಗೊಂದು ಕ್ಲಾಂಪು. ಕ್ಲಾಂಪು ಕಡಿಮೆಯಾದರೆ ಬಿಸಿಲಿಗೆ ಪೈಪು ಜೋಲುತ್ತದೆ, ಜೋತ ಕಡೆ ಮಣ್ಣು ಕೂರುತ್ತದೆ.

ಈಗ ಮೊದಲ ಮಳೆಯ ಕೊಳೆ. ಧೂಳು, ಪಾರಿವಾಳದ ಹಿಕ್ಕೆ, ಒಣಗಿದ ಎಲೆ ಎಲ್ಲ ಮೊದಲ ಅರ್ಧ ಮಿ.ಮೀ. ಮಳೆಯಲ್ಲಿ ಇಳಿದು ಬರುತ್ತದೆ. 93 ಚದರ ಮೀಟರಿಗೆ ಅದು 46 ಲೀಟರ್. ಇಷ್ಟನ್ನು ಬೇರೆ ಮಾಡಲು ಇಳಿಯುವ ಪೈಪಿಗೆ ಮೂರು ಬಾಯಿಯ T ಆಕಾರದ ಜೋಡಣೆ (ಟೀ) ಒಂದನ್ನು ಹಾಕಿ, ಟೀಯ ಕೆಳಗಿನ ಬಾಯಿಗೆ ಉದ್ದನೆಯ ಪೈಪು ನಿಲ್ಲಿಸಿ ತುದಿಗೆ ಮುಚ್ಚಳ ಹಾಕುವುದು ರೂಢಿ. ಆ ಪೈಪು ತುಂಬಿದ ಮೇಲೆ ಬರುವ ನೀರು ಟೀಯ ಪಕ್ಕದ ಬಾಯಿಂದ ಫಿಲ್ಟರಿಗೆ ಹೋಗುತ್ತದೆ. 110 ಮಿ.ಮೀ. ಪೈಪು ಮೀಟರಿಗೆ ಸುಮಾರು 8.5 ಲೀಟರ್ ಹಿಡಿಯುತ್ತದೆ. 46 ಲೀಟರಿಗೆ ಐದೂವರೆ ಮೀಟರ್ ಬೇಕು, ಒಂದಂತಸ್ತಿನ ಮನೆಗೆ ಅಷ್ಟು ಎತ್ತರವೇ ಇಲ್ಲ. 160 ಮಿ.ಮೀ. ಪೈಪಾದರೆ ಮೀಟರಿಗೆ 18 ಲೀಟರ್, ಎರಡೂವರೆ ಮೀಟರಿಗೆ ಕೆಲಸ ಮುಗಿಯಿತು. ಇದನ್ನು ಲೆಕ್ಕ ಹಾಕದೆ ಮೂರಡಿ ತುಂಡು ನೇತುಹಾಕಿ ಹೋಗುವ ಪ್ಲಂಬರ್‌ಗಳೇ ಹೆಚ್ಚು.

ಮುಚ್ಚಳದಲ್ಲಿ ಕಾಲಿಂಚಿನ ತೂತು, ಇಲ್ಲವೆ ಸ್ವಲ್ಪ ತೆರೆದಿಟ್ಟ ನಲ್ಲಿ ಇರಬೇಕು. ಮಳೆ ನಿಂತ ಮೇಲೆ ಕೊಳೆನೀರು ತಾನೇ ತೊಟ್ಟಿಕ್ಕಿ ಖಾಲಿಯಾಗಲು ಇದು. ಕೆಡುವುದೂ ಇಲ್ಲೇ. ತೂತಿಗೆ ಎಲೆ ಅಂಟಿಕೊಂಡರೆ ಪೈಪು ತುಂಬಿದಂತೆಯೇ ಉಳಿದು, ಮುಂದಿನ ಮಳೆಯ ಕೊಳೆ ನೇರ ಸಂಪಿಗೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಮಳೆ ನಿಂತ ಮರುದಿನ ಪೈಪನ್ನು ಬೆರಳಲ್ಲಿ ತಟ್ಟಿ ನೋಡಿ, ಡಬ್ಬಿಯಂತೆ ಟೊಳ್ಳು ಸದ್ದು ಬಂದರೆ ಖಾಲಿ. ಬೇಸಿಗೆಯ ಉದ್ದಕ್ಕೂ ಒಣಗಿದ ತಾರಸಿಗೆ ಮಾರ್ಚ್-ಏಪ್ರಿಲ್‌ನಲ್ಲಿ ಬೀಳುವ ಮೊದಲ ಒಂದೆರಡು ಮಳೆಗೆ ಈ ಅರ್ಧ ಮಿ.ಮೀ. ಲೆಕ್ಕ ಸಾಲದು. ಆಗ ಸಂಪಿನ ದಾರಿ ಮುಚ್ಚಿ ಪೂರ್ತಿ ಹೊರಗೆ ಬಿಡಿ. ಅದಕ್ಕೆಂದೇ ಫಿಲ್ಟರಿಗೆ ಮುಂಚೆ ಒಂದು ಬೈಪಾಸ್ ವಾಲ್ವ್ ಇರಲಿ.

ಫಿಲ್ಟರಿನ ವಿಷಯಕ್ಕೆ ಬಂದರೆ, ಡ್ರಮ್ಮು ಯಾಕೆ ಉಕ್ಕುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. 200 ಲೀಟರ್ ಡ್ರಮ್ಮಿನ ಬಾಯಿ ಕಾಲು ಚದರ ಮೀಟರಿಗಿಂತ ತುಸು ಹೆಚ್ಚು. ದಪ್ಪ ಮರಳಿನ ಮೂಲಕ ಗಂಟೆಗೆ ಅಷ್ಟು ಜಾಗದಲ್ಲಿ ಇಳಿಯುವುದು ಹೆಚ್ಚೆಂದರೆ 1,500ರಿಂದ 2,800 ಲೀಟರ್, ಅದೂ ಮರಳು ಹೊಸದಾಗಿದ್ದಾಗ. ಬೆಂಗಳೂರಿನ ಸಂಜೆಮಳೆ ಗಂಟೆಗೆ 60 ಮಿ.ಮೀ. ರಭಸದಲ್ಲಿ ಹೊಡೆದರೆ ತಾರಸಿಯಿಂದ ಗಂಟೆಗೆ 5,500 ಲೀಟರ್ ಬರುತ್ತದೆ. ಅರ್ಧಕ್ಕರ್ಧ ಹೊರಗೆ. ಮರಳನ್ನು ಎರಡು ವರ್ಷ ತೊಳೆಯದಿದ್ದರೆ ಬಹುಪಾಲು ಹೊರಗೆ.

ಹಾಗಾಗಿ ಸಂಪಿಗೆ ಬಿಡುವುದಾದರೆ ಗೋಡೆಗೆ ಕೂರಿಸುವ ಸ್ಟೀಲ್ ಜಾಲರಿ ಫಿಲ್ಟರ್ ವಾಸಿ. ನೀರು ಜಾಲರಿಯ ಮೇಲೆ ಜಾರುತ್ತಾ ಇಳಿದು ಕಸ ಹೊರಗೆ ಹೋಗುತ್ತದೆ, ಬಿಚ್ಚಿ ತೊಳೆಯಲು ಐದು ನಿಮಿಷ. ಕೊಳ್ಳುವಾಗ ಅದು ಎಷ್ಟು ಚದರ ಮೀಟರ್ ತಾರಸಿಗೆ ಎಂದು ಕೇಳಿ, ನಿಮ್ಮ ತಾರಸಿಗಿಂತ ಒಂದು ಮಟ್ಟ ದೊಡ್ಡದನ್ನೇ ತನ್ನಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ರೂಪಿಸಿದ ಪಾಪ್‌ಅಪ್ ಫಿಲ್ಟರ್ ಕೂಡ ಇದೇ ಜಾತಿಗೆ ಸೇರಿದ್ದು. ಕಸ ಕಟ್ಟಿಕೊಂಡಾಗ ಮೇಲಿನ ಬಿರಡೆ ತಾನೇ ಎದ್ದು ನೀರನ್ನು ಹೊರಹಾಕುತ್ತದೆ, ಪೈಪು ಕಟ್ಟಿಕೊಂಡು ತಾರಸಿ ತುಂಬುವುದಿಲ್ಲ, ಬಿರಡೆ ಎದ್ದದ್ದು ಕಂಡರೆ ತೊಳೆಯಬೇಕು ಎಂದು ತಿಳಿಯುತ್ತದೆ. ಅವರ ವಿಜಯನಗರದ ಮನೆ 1990ರ ದಶಕದಿಂದ ಜಲಮಂಡಳಿ ಸಂಪರ್ಕವಿಲ್ಲದೆ ಮಳೆನೀರಲ್ಲೇ ನಡೆದದ್ದು ಪತ್ರಿಕೆಗಳಲ್ಲಿ ಬಂದಿದೆ. ಪೈಪು, ಫಿಲ್ಟರು, ಬಾವಿ ಉಂಗುರಗಳನ್ನು ಮುಟ್ಟಿ ನೋಡಬೇಕೆಂದರೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ. ಅಂಗಡಿಗೆ ಹೋಗುವ ಮೊದಲು ಅಲ್ಲಿಗೊಮ್ಮೆ ಹೋಗುವುದು ಒಳ್ಳೆಯದು.

ಪೈಪು ಸಂಪಿನೊಳಗೆ ತಳದವರೆಗೆ ಇಳಿದು, ತುದಿಯಲ್ಲಿ ಎರಡು ಎಲ್ಬೋ ಹಾಕಿ ಬಾಯಿ ಮೇಲ್ಮುಖವಾಗಿರಲಿ. ಮೇಲಿನಿಂದ ಧೋ ಎಂದು ಬಿದ್ದರೆ ತಳದ ಗಸಿ ಏಳುತ್ತದೆ, ಅದನ್ನೇ ಮೋಟರು ಎಳೆದುಕೊಳ್ಳುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಮಳೆನೀರು ಒಂದು ಲೀಟರೂ ಸಿಗದಂತೆ ಮಾಡುವ ಒಂದು ಸಂಗತಿ ಇದೆ: ಸಂಪು ಆಗಲೇ ತುಂಬಿರುವುದು. ಬೆಳಿಗ್ಗೆ ಕಾವೇರಿ ಬಿಟ್ಟರು, ಫ್ಲೋಟ್ ವಾಲ್ವ್ ಅಂಚಿನವರೆಗೆ ತುಂಬಿಸಿತು, ಸಂಜೆ 40 ಮಿ.ಮೀ. ಮಳೆ. ತಾರಸಿಯಿಂದ ಬಂದ 3,100 ಲೀಟರ್ ನೇರ ಓವರ್‌ಫ್ಲೋಗೆ. ಪರಿಹಾರಕ್ಕೆ ಖರ್ಚೇ ಇಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಾವೇರಿ ಬರುವ ಪೈಪಿನ ಫ್ಲೋಟಿನ ತೋಳನ್ನು ಬಗ್ಗಿಸಿ, ಇಲ್ಲವೆ ಪೈಪನ್ನು ಉದ್ದ ಮಾಡಿ ಫ್ಲೋಟನ್ನೇ ಕೆಳಗೆ ಕೂರಿಸಿ, ಅರ್ಧ ಸಂಪಿಗೇ ಮುಚ್ಚಿಕೊಳ್ಳುವಂತೆ ಮಾಡಿ. 6 ಅಡಿ ಉದ್ದ, ಅಗಲ, ಆಳದ ಸಂಪು 6,100 ಲೀಟರ್ ಹಿಡಿಯುತ್ತದೆ. ಅರ್ಧ ಅಂದರೂ ನಾಲ್ಕು ಜನಕ್ಕೆ ಐದು ದಿನ ಬರುತ್ತದೆ, ದಿನ ಬಿಟ್ಟು ದಿನ ನೀರು ಬಿಡುವ ಬಡಾವಣೆಯಲ್ಲೂ ಭಯವಿಲ್ಲ. ಮೇಲಿನ ಅರ್ಧ ಮಳೆಗೆ ಮೀಸಲು. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ನೀರು ಉಳಿಸುವ ಬದಲಾವಣೆ ಇದೊಂದೇ, ಮತ್ತು ಯಾವ ಪ್ಲಂಬರೂ ಇದನ್ನು ಹೇಳುವುದಿಲ್ಲ.

ಓವರ್‌ಫ್ಲೋ ಪೈಪಿನ ಬಗ್ಗೆ ಎಚ್ಚರ ಬೇಕು. ಅದನ್ನು ಒಳಚರಂಡಿ ಚೇಂಬರ್‌ಗೆ ಎಂದೂ ಜೋಡಿಸಬಾರದು. ಜೋರು ಮಳೆಯಲ್ಲಿ ರಸ್ತೆಯ ಚರಂಡಿ ಉಕ್ಕಿ ಹಿಂದಕ್ಕೆ ಹರಿದರೆ ಹೊಲಸು ಸಂಪಿಗೇ ಬರುತ್ತದೆ. ತಗ್ಗು ಪ್ರದೇಶದ ಮನೆಗಳಲ್ಲಿ ಸಂಪು ಕೆಡುವುದು ಬಹುಪಾಲು ಈ ದಾರಿಯಿಂದಲೇ. ಓವರ್‌ಫ್ಲೋ ಬಾವಿಗೆ ಹೋಗಲಿ, ಬಾವಿಯ ಓವರ್‌ಫ್ಲೋ ಮಳೆನೀರಿನ ಚರಂಡಿಗೆ, ಅಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ಒಂದು ನಾನ್-ರಿಟರ್ನ್ ವಾಲ್ವ್. ಎಲ್ಲ ಬಾಯಿಗೂ ಸೊಳ್ಳೆ ಜಾಲರಿ.

ಮಳೆಗಾಲದಲ್ಲಿ ಸಂಪಿನ ನೀರಿಗೆ ಕ್ಲೋರಿನ್ ಹಾಕುವುದಾದರೆ 6,000 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ 30 ಗ್ರಾಂ ಸಾಕು. ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳದಲ್ಲಿ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ರಾತ್ರಿ ಸುರಿಯಿರಿ, ಬೆಳಿಗ್ಗೆ ಬಳಸಿ. ಒಡೆದಿಟ್ಟ ಪೊಟ್ಟಣ ತಿಂಗಳುಗಟ್ಟಲೆ ಇದ್ದರೆ ಶಕ್ತಿ ಕಳೆದುಕೊಂಡಿರುತ್ತದೆ, ಹೊಸದು ತನ್ನಿ. ಕುಡಿಯುವ ನೀರನ್ನು ಎಂದಿನಂತೆ ಫಿಲ್ಟರ್ ಮಾಡಿ ಅಥವಾ ಕುದಿಸಿ.

ಮಿಕ್ಕದ್ದು ಬಾವಿಗೆ

ಇಂಗುಬಾವಿಗೆ ಮೂರಡಿ ಅಗಲದ ಸಿಮೆಂಟ್ ಉಂಗುರ, 20 ಅಡಿ ಆಳ ಸಾಮಾನ್ಯ ಅಳತೆ. ಉಂಗುರ ಒಂದಡಿ ಎತ್ತರ, ಅಂದರೆ ಇಪ್ಪತ್ತು ಉಂಗುರ. ಒಂದಡಿಗೆ 200 ಲೀಟರ್, ಪೂರ್ತಿ ತುಂಬಿದರೆ 4,000 ಲೀಟರ್. ಬೆಂಗಳೂರಿನಲ್ಲಿ ಬಾವಿ ತೋಡುವ ಕಸುಬು ಮಣ್ಣು ವಡ್ಡರದ್ದು. ಯಾವ ಬಡಾವಣೆಯಲ್ಲಿ ಎಷ್ಟು ಅಡಿಗೆ ಬಂಡೆ ಸಿಗುತ್ತದೆ, ಎಲ್ಲಿ ಜೇಡಿ ಎಂದು ಅವರ ಬಾಯಲ್ಲೇ ಇರುತ್ತದೆ. ಹತ್ತಡಿಗೇ ಬಂಡೆ ಎಂದು ಅವರು ಹೇಳಿದರೆ ಜಗಳ ಆಡದೆ ಕೈಬಿಡಿ, ಇಲ್ಲವೆ ಅಗಲ ಹೆಚ್ಚಿಸಿ ಆಳ ಕಡಿಮೆ ಮಾಡಿ. ಕೆಲಸ ಫೆಬ್ರವರಿಯಿಂದ ಮೇ ಒಳಗೆ ಮುಗಿಯಬೇಕು.

ಉಂಗುರಗಳ ನಡುವಿನ ಸಂದಿಗೆ ಸಿಮೆಂಟ್ ಬಳಿಯಬಾರದು. ಉಂಗುರ ಮತ್ತು ಮಣ್ಣಿನ ನಡುವೆ 20 ಅಥವಾ 40 ಮಿ.ಮೀ. ಜಲ್ಲಿ ತುಂಬಬೇಕು, ತಳ ತೆರೆದೇ ಇರಬೇಕು. ಬಾವಿಯ ಒಳಗೆ ಕಲ್ಲು ತುಂಬುವುದು ಈಗಲೂ ನಡೆಯುತ್ತಿದೆ, ಅದು ಶುದ್ಧ ನಷ್ಟ: ಕಲ್ಲು ತುಂಬಿದರೆ ನೀರಿಗೆ ಅರ್ಧ ಜಾಗವೂ ಉಳಿಯದು, ಗಸಿ ಕೂತರೆ ತೆಗೆಯಲಿಕ್ಕೂ ಆಗದು. ಬಾವಿ ಖಾಲಿಯಿರಲಿ, ಮೇಲೆ ಆರ್‌.ಸಿ.ಸಿ. ಮುಚ್ಚಳ, ಮುಚ್ಚಳಕ್ಕೆ ಬೀಗ. ನೀರು ಬರುವ ದಾರಿಯಲ್ಲಿ ಎರಡಡಿ ಚೌಕದ ಕೆಸರು ಗುಂಡಿಯೊಂದು ಇರಬೇಕು. ಹೊರಹೋಗುವ ಪೈಪು ಗುಂಡಿಯ ತಳದಿಂದ ಒಂದಡಿಯಾದರೂ ಮೇಲಿದ್ದರೆ ಮಣ್ಣು ಅಲ್ಲೇ ಕೂರುತ್ತದೆ. ಪಾಯದಿಂದ ಹತ್ತಡಿ ದೂರ ಸಿಕ್ಕರೆ ಒಳ್ಳೆಯದು, 30-40ರಲ್ಲಿ ಸಿಗದಿದ್ದರೆ ಕನಿಷ್ಠ ಐದಡಿ. ಶೌಚಗುಂಡಿ ಹತ್ತಿರವಿದ್ದರೆ ಬಾವಿಯ ಮಾತೇ ಬೇಡ.

ತೋಡಿದ ಮೇಲೆ ಒಂದು ಪರೀಕ್ಷೆ. ಐದಡಿ ನೀರು ತುಂಬಿಸಿ, ಅಂದರೆ 1,000 ಲೀಟರ್, ಗಂಟೆಗೊಮ್ಮೆ ಮಟ್ಟ ನೋಡಿ. ದಿನದಲ್ಲಿ ಖಾಲಿಯಾದರೆ ಬಾವಿ ಚೆನ್ನಾಗಿದೆ. ದಿನಕ್ಕೆ ಒಂದಡಿಯೂ ಇಳಿಯದಿದ್ದರೆ ತಳ ಜೇಡಿಮಣ್ಣು, ಅದನ್ನು ದಾಟಿ ಇನ್ನೂ ಐದಾರು ಅಡಿ ಹೋಗಬೇಕು. ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿ ಬರೆದಿಡಿ, ಇಳಿಯುವ ವೇಗ ಕುಗ್ಗಿದರೆ ತಳದ ಗಸಿ ತೆಗೆಸುವ ಕಾಲ ಬಂತು. ನೀವಾಗಿ ಇಳಿಯಬೇಡಿ. ಮುಚ್ಚಿದ ಬಾವಿಯಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ.

ತಾರಸಿ ನೀರನ್ನು ನೇರ ಬೋರ್‌ವೆಲ್ ಕೇಸಿಂಗಿಗೇ ಬಿಡಿ ಎನ್ನುವವರೂ ಇದ್ದಾರೆ. ಮಣ್ಣಿನಲ್ಲಿ ಸೋಸಿಕೊಳ್ಳದ ನೀರು ನೂರಾರು ಅಡಿ ಕೆಳಗಿನ ಬಂಡೆಯ ಬಿರುಕಿಗೆ ಹೋಗುತ್ತದೆ. ಅದೇ ಬಿರುಕಿನ ನೀರನ್ನು ಅಕ್ಕಪಕ್ಕದವರೂ ಎತ್ತುತ್ತಾರೆ. ಒಮ್ಮೆ ಕೆಟ್ಟರೆ ತೊಳೆಯುವ ಉಪಾಯವಿಲ್ಲ.

ಬೀದಿ ಮತ್ತು ಅಪಾರ್ಟ್‌ಮೆಂಟು

ಬೀದಿಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ವಾಟರ್‌ಮ್ಯಾನ್ ವಾಲ್ವ್ ತಿರುಗಿಸುವ ಗುಂಡಿಯಲ್ಲಿ ನೀರು ನಿಂತಿರುವುದು, ಮಳೆಯಿಲ್ಲದ ದಿನವೂ ರಸ್ತೆಯ ಒಂದೇ ಜಾಗ ಒದ್ದೆಯಿರುವುದು ಕಂಡರೆ 1916ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು ಬೀದಿಯ ಐದಾರು ಮನೆ ಸೇರಿ ಬಾವಿ ತೋಡಿಸಿದರೆ ಕೆಲಸದವರು ಒಂದೇ ಸಲ ಬರುತ್ತಾರೆ, ಉಂಗುರ ಒಂದೇ ಲಾರಿಯಲ್ಲಿ ಬರುತ್ತದೆ, ದರ ಇಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಮಾಡುವುದಕ್ಕೆ ತುಂಬ ಇದೆ, ಅಲ್ಲಿ ಯಾರ ಖರ್ಚು ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ. ಮನೆಗೊಂದು ಮೀಟರ್ ಹಾಕುವ ಚರ್ಚೆ ಸಂಘದ ಸಭೆಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಹಳೆಯ ಕಟ್ಟಡದಲ್ಲಿ ಒಂದು ಮನೆಗೆ ನಾಲ್ಕೈದು ಕಡೆಯಿಂದ ಪೈಪು ಬರುವುದರಿಂದ ಅಷ್ಟೂ ಕಡೆ ಮೀಟರ್ ಬೇಕಾಗುವುದು ನಿಜವಾದ ತೊಡಕು. ಅದು ತೀರ್ಮಾನವಾಗುವ ತನಕ ಕಾಯಬೇಕಿಲ್ಲ. ಪ್ರತಿ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಒಂದೊಂದು ಮೀಟರ್ ಹಾಕಿಸಿ, ರಾತ್ರಿ 2ಕ್ಕೆ ಮತ್ತು 4ಕ್ಕೆ ಸೆಕ್ಯುರಿಟಿಯವರಿಂದ ಓದಿಸಿ ಪುಸ್ತಕದಲ್ಲಿ ಬರೆಸಿ. ಆ ಹೊತ್ತಲ್ಲಿ ಹರಿಯುವುದು ಬಹುಪಾಲು ಸೋರಿಕೆಯೇ. ಎರಡು ಗಂಟೆಯಲ್ಲಿ 400 ಲೀಟರ್ ಹೋಗಿದ್ದರೆ ದಿನಕ್ಕೆ 4,800 ಲೀಟರ್, ತಿಂಗಳಿಗೆ 12,000 ಲೀಟರಿನ ಟ್ಯಾಂಕರ್ ಹನ್ನೆರಡು. ಈ ಅಂಕಿ ಸಭೆಯಲ್ಲಿ ಇಟ್ಟರೆ ಮನೆಮನೆಗೂ ಹೋಗಿ ಫ್ಲಶ್ ಟ್ಯಾಂಕಿಗೆ ಬಣ್ಣ ಹಾಕಿ ನೋಡಲು ಒಪ್ಪಿಗೆ ಸಿಗುತ್ತದೆ.

ಎತ್ತರದ ಕಟ್ಟಡದಲ್ಲಿ ಕೆಳಗಿನ ಮನೆಗಳ ಒತ್ತಡವನ್ನೂ ನೋಡಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್. ಹತ್ತಂತಸ್ತಿನ ಕೆಳಮನೆಗೆ 3 ಬಾರ್ ಬರುತ್ತದೆ, ನಲ್ಲಿ ತೆರೆದರೆ ನೀರು ಬೇಸಿನ್ನಿನಿಂದ ಹೊರಗೆ ಚಿಮ್ಮುತ್ತದೆ, ವಾಷರ್ ಬೇಗ ಹೋಗುತ್ತದೆ. ಒತ್ತಡ ಇಳಿಸುವ ವಾಲ್ವನ್ನು 2 ಬಾರ್‌ಗೆ ಇಟ್ಟರೆ ಎರಡೂ ನಿಲ್ಲುತ್ತವೆ. ಕಟ್ಟಿದವರು ಇಂಥ ವಾಲ್ವ್ ಹಾಕಿಯೇ ಇರುತ್ತಾರೆ, ಆದರೆ ಅದರ ಮುಂದಿನ ಜಾಲರಿ ಕಟ್ಟಿಕೊಂಡು ನೀರು ಬರುತ್ತಿಲ್ಲವೆಂದು ದೂರು ಬಂದಾಗ ಪ್ಲಂಬರ್ ಸ್ಕ್ರೂ ಪೂರ್ತಿ ತಿರುಗಿಸಿ ಹೋಗಿರುತ್ತಾನೆ. ಮೊದಲು ಜಾಲರಿ ತೊಳೆಸಿ, ಆಮೇಲೆ ಗೇಜ್ ಹಾಕಿ ಮತ್ತೆ ಕೂರಿಸಿ.

ಎಸ್‌.ಟಿ.ಪಿ. (ಕೊಳಚೆನೀರು ಶುದ್ಧೀಕರಿಸುವ ಘಟಕ) ನೀರನ್ನು ಫ್ಲಶ್‌ಗೆ ಬಳಸುವ ಕಡೆ ವಾಸನೆ ಎಂಬ ದೂರು ಸಾಮಾನ್ಯ. ಕರೆಂಟ್ ಉಳಿಸಲು ರಾತ್ರಿ ಗಾಳಿಯ ಬ್ಲೋವರ್ ನಿಲ್ಲಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಗಾಳಿ ನಿಂತರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಸಂಸ್ಕರಿಸಿದ ನೀರನ್ನು ಮೇಲಿನ ಟ್ಯಾಂಕಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಯಾವುದಾದರೂ ಮನೆಯಲ್ಲಿ ಬಾತ್‌ರೂಮ್ ಹೊಸದು ಮಾಡಿಸಿದ ಮೇಲೆ ಎರಡು ಪೈಪು ಅದಲುಬದಲಾಗಿಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಕುಡಿಯುವ ನೀರಿನ ಟ್ಯಾಂಕಿನ ವಾಲ್ವ್ ಮುಚ್ಚಿ, ಆ ಮನೆಯ ಎಲ್ಲ ನಲ್ಲಿ, ಷವರ್, ಹೆಲ್ತ್ ಫಾಸೆಟ್ ತೆರೆಸಿ. ಪೈಪಿನಲ್ಲಿ ಉಳಿದದ್ದು ಹರಿದು ಮುಗಿದ ಮೇಲೂ ಯಾವುದೋ ಒಂದರಲ್ಲಿ ನೀರು ಬರುತ್ತಿದ್ದರೆ ಅದು ಎಸ್‌.ಟಿ.ಪಿ. ಪೈಪಿಗೆ ಸೇರಿಕೊಂಡಿದೆ. ಹೆಚ್ಚಾಗಿ ಸಿಕ್ಕಿಬೀಳುವುದು ಹೆಲ್ತ್ ಫಾಸೆಟ್, ಏಕೆಂದರೆ ಅದರ ಕವಲು ಫ್ಲಶ್ ಟ್ಯಾಂಕಿನ ಪಕ್ಕದಲ್ಲೇ ಇರುತ್ತದೆ.